ಆನೆಗೂ ಒಂದು ಮಾತು

ನಮ್ಮ ಸೋದರಮಾವನಂಥ ಪುಕ್ಕಲರು ತಮಿಳುನಾಡಿನ ಆ ಉಡುಮಲೈಪೇಟೆಯಲ್ಲೇ ಇರಲಿಲ್ಲ. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಸಾಕು, ಕುರ್ಚಿ ಹತ್ತಿ ನಿಲ್ಲುವ ಪೈಕಿ! ಅಂಥವರು ಪ್ರತಿ ಭಾನುವಾರ ಆನೆ ಓಡಾಡುವ ಕಾಡಿಗೆ ಸೈಕಲ್ ಹೊಡೆಯುತ್ತಾರೆಂದರೆ ನಂಬುತ್ತೀರಾ? ಎಂಬತ್ತರ ದಶಕದ ಮಾತು. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. "ಅಣ್ಣ ಕಾಡಲ್ಲಿ ಒಬ್ನೇ ಮಾತಾಡ್ತಾನಂತೆ ಕಣೋ. ನಿಜವಾಗ್ಲೂ ತಲೆ ಕೆಟ್ಟಿದ್ರೆ ಮಿಲ್ ಕೆಲ್ಸ ಬಿಡ್ಸಿ ಕರ್ಕೊಂಡ್ ಬಂದ್ಬುಡು" ಎಂದು ಅಮ್ಮ ಕಣ್ಣೊರೆಸಿಕೊಂಡಳು. ತನಿಖೆಗೆಂದು ಒಂದು ಭಾನುವಾರ ನಾನೂ ಮಾವನ ಜೊತೆ ಹೊರಟೆ.

ಮಾವನ ಸಾಮಾನು ನೋಡಬೇಕಿತ್ತು! ಪಂಪು, ಪಂಕ್ಚರ್ ಸಲ್ಯೂಷನ್, ಕೊಡೆ, ಹಗ್ಗ, ಟಿಫಿನ್ ಕ್ಯಾರಿಯರ್, ಒಂದು ಕಟ್ಟು ಊದುಬತ್ತಿ. ಅಣೆಕಟ್ಟಿನ ಕಡೆ ಹೋಗುವ ಬಸ್ಸಿನ ತಲೆಯ ಮೇಲೆ ಎರಡು ಸೈಕಲ್ ಏರಿಸುವಾಗ ಕಂಡಕ್ಟರು "ಎನ್ನಂಗ, ಕಾಶಿಕ್ಕಾ?" ಎಂದು, ಕಾಶಿಯಾತ್ರೆಗೆ ಹೊರಟವರನ್ನು ಕೇಳುವಂತೆ ಕೇಳಿದ. ಊದುಬತ್ತಿ ಯಾವ ದೇವರಿಗೆ ಎಂದು ನಾನು ಕೇಳಿದೆ.

"ಸೊಳ್ಳೆಗೆ" ಎಂದರು ಮಾವ.

ಕಾಡಿನ ಗೇಟಿನಲ್ಲಿದ್ದ ಪರಿಚಯದ ಫಾರೆಸ್ಟ್ ಗಾರ್ಡು, ದಾರಿ ಕಷ್ಟವೂ ಅಲ್ಲ, ಸುಲಭವೂ ಅಲ್ಲ ಎಂದು ಹೇಳಿ ಒಳಗೆ ಬಿಟ್ಟ. ಏರು ಬಂದರೆ ಮಾವ ಇಳಿದು ತಳ್ಳುತ್ತಿದ್ದರು, ದಮ್ಮು. ಇಳಿಜಾರು ಬಂದರೂ ಇಳಿದು ತಳ್ಳುತ್ತಿದ್ದರು. ಬ್ರೇಕಿನ ಮೇಲೆ ಅನುಮಾನ. ಹಾಗಾದರೆ ತುಳಿಯುವುದು ಯಾವಾಗ? ಸಮತಟ್ಟು ಸಿಕ್ಕಾಗ! ಮಧ್ಯಾಹ್ನದೊಳಗೆ ಅಂಥದ್ದು ಮೂರು ಕಡೆ ಸಿಕ್ಕಿತು.

"ಈ ಸೈಕಲ್ ವಂಡೀನ ಯಾಕ್ ತಂದ್ರಿ ಮಾವ? ನಡಕೊಂಡೇ ಬರ್ಬೋದಿತ್ತಲ್ಲ?"

"ನಡಕೊಂಡ್ ಬಂದ್ರೆ ಪಾಪ, ಒಬ್ನೇ ತಿರುಗ್ತಾವ್ನೆ ಅಂತಾರೆ. ವಂಡಿ ಇದ್ರೆ ಏನೋ ಕೆಲ್ಸ ಇರ್ಬೇಕು ಅನ್ಕೊಂತಾರೆ."

ಬಿದಿರುಮೆಳೆಯ ತಿರುವಿನಲ್ಲಿ ಆನೆ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ನಾನು ಬಂದ ದಾರಿಗೇ ಸೈಕಲ್ ತಿರುಗಿಸಿದೆ. ಹಲ್ಲಿಗೆ ಹೆದರುವ ಮಾವ ಮಾತ್ರ ಬೆಲ್ ಬಾರಿಸಿ, ಮಿಲ್ಲಿನ ಯಂತ್ರಗಳ ನಡುವೆ ಪಳಗಿದ ಗಂಟಲಿನಲ್ಲಿ ಕೂಗಿದರು: "ನಾವ್ ಇಬ್ರು ಬತ್ತಾ ಇದೀವಿ ತಾಯೀ! ಇವ ನನ್ ತಂಗಿ ಮಗ, ಒಳ್ಳೇವ್ನು. ಸ್ವಲ್ಪ ಪಕ್ಕಕ್ ನಿಂತ್ಕೋ!"

ಆನೆಗೆ ನನ್ನ ಪರಿಚಯ ಬೇರೆ!

"ತಮಿಳ್ನಾಡಿನ ಆನೆ ಹತ್ರ ಕನ್ನಡ ಯಾಕೆ ಮಾವ?"

"ಅದ್ಕೆ ಯಾವ್ದಾದ್ರೇನು? ನಂಗೆ ಬೇಕಲ್ಲ! ಮಿಲ್ಲಲ್ಲಿ ತಮಿಳು, ಅಂಗಡೀಲಿ ತಮಿಳು. ಮನೇಲಿದ್ದ ಮಾತು ನಿಮ್ಮತ್ತೆ ಜೊತೇಲೇ ಹೋಯ್ತು. ಇಲ್ಲಾದ್ರೆ ಬಾಯ್ತುಂಬ ಆಡ್ಬೋದು. ಆನೆ 'ಊಂ' ಅನ್ನಲ್ಲ, ಅಷ್ಟೇ."

ನನಗೆ ನಾಚಿಕೆಯಾಯಿತು. ಇಲ್ಲೇ ಹತ್ತಿರದ ಕೊಯಮತ್ತೂರಿನಲ್ಲಿ ಕೆಲಸಕ್ಕಿದ್ದೂ, ಅತ್ತೆಯ ಕಾರ್ಯ ಮುಗಿದ ಮೇಲೆ ನಾನು ಆ ಮನೆಯ ಹೊಸಿಲು ತುಳಿದಿರಲಿಲ್ಲ. ಮಾವ ಮುಂದೆ ಸೈಕಲ್ ತಳ್ಳುತ್ತಾ, ಪಕ್ಕದ ಮನೆಯ ಮೇಕೆ ಅತ್ತೆಯ ಮಲ್ಲಿಗೆ ಬಳ್ಳಿ ತಿಂದ ಕತೆಯನ್ನು ಮರಗಳಿಗೆ ಹೇಳತೊಡಗಿದರು.

"ಊಂ" ಎಂದೆ.

ಅವರು ಸೈಕಲ್ ನಿಲ್ಲಿಸಿ ತಿರುಗಿ ನೋಡಿದರು. ಆಮೇಲೆ ಮಾತು ನಿಲ್ಲಲೇ ಇಲ್ಲ. ಮೇಕೆ ಮುಗಿದು ಸೋರುವ ನಲ್ಲಿ ಬಂತು, ನಲ್ಲಿ ಮುಗಿದು ಸೀದುಹೋದ ಸಾರು ಬಂತು. ನಾನು ಊಂಗುಡುತ್ತಲೇ ಇದ್ದೆ.

"ಹೋದ ತಿಂಗ್ಳು ನಾಕ್ ದಿನ ಜ್ವರ ಬಂದಿತ್ತು. ಎದ್ದು ನೀರ್ ಕುಡಿಯಾಕೂ ಆಗ್ಲಿಲ್ಲ."

"ಅಯ್ಯೋ ಮಾವ! ಒಂದು ಕಾರ್ಡ್ ಹಾಕಿ ಹೇಳ್ಬಾರ್ದಿತ್ತಾ?"

"ಈಗ ಹೇಳ್ತಾ ಇದೀನಲ್ಲಪ್ಪಾ" ಎಂದರು ಮಾವ.