ಐದು ನಿಮಿಷದಲ್ಲಿ ಸೋಲುವ ಬಗೆಗಳು

ಮದರಾಸಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ನೌಕರಿ ಮಾಡಿದಷ್ಟು ವರ್ಷವೂ ನಾನು ಊಟದ ಬಿಡುವಿನಲ್ಲಿ ಚೆಸ್ ಆಡಿದೆ. ಆಡಿದಷ್ಟೂ ಸೋತೆ. ಒಂದು ಸೋಲನ್ನು ಮರೆಯುವಷ್ಟರಲ್ಲಿ ಅದಕ್ಕಿಂತ ನಾಚಿಕೆಗೇಡಿನದು ಇನ್ನೊಂದು ಬಂದು ನಿಲ್ಲುತ್ತಿತ್ತು. ಎಪ್ಪತ್ತರ ದಶಕದಲ್ಲಿ ಶುರುವಾದದ್ದು ಎಂಬತ್ತರಲ್ಲೂ ನಿಲ್ಲಲಿಲ್ಲ. ಮೊದಮೊದಲು "ಏನಾಯ್ತು?" ಎಂದು ಕೇಳುತ್ತಿದ್ದ ನನ್ನ ಹೆಂಡತಿ ಆಮೇಲೆ "ಇವತ್ತು ಹೇಗೆ ಸೋತ್ರಿ?" ಎಂದು ಕೇಳತೊಡಗಿದಳು.

ಹೊಸ ಸೆಟ್

ನಮ್ಮ ಹೆಡ್ ಕ್ಲರ್ಕ್ ಕೋಲಾರದ ಕಡೆಯವರು. ಅಜ್ಜನ ಕಾಲದಿಂದ ಮದರಾಸಿನಲ್ಲೇ ಇದ್ದುದರಿಂದ ಅವರ ಕನ್ನಡ ಎಲ್ಲಿ ಮುಗಿದು ತಮಿಳು ಎಲ್ಲಿ ಶುರುವಾಗುತ್ತದೆ ಎಂದು ಅವರಿಗೇ ಗೊತ್ತಿರಲಿಲ್ಲ. ಆಫೀಸಿನಲ್ಲಿ ಆಡುತ್ತಿದ್ದುದು ತಲಾ ಐದು ನಿಮಿಷದ ಆಟ. ಪಕ್ಕದಲ್ಲಿ ಎರಡು ಮುಖದ ಗಡಿಯಾರ. ಕಾಯಿ ನಡೆಸಿದವನು ತನ್ನ ಕಡೆಯ ಗುಂಡಿ ಒತ್ತಬೇಕು, ಆಗ ಎದುರಿನವನ ಸಮಯ ಓಡುತ್ತದೆ. ಐದು ನಿಮಿಷ ಮುಗಿದರೆ ಪುಟ್ಟ ಕೆಂಪು ತಗಡು ಬೀಳುತ್ತದೆ. ಬಿದ್ದರೆ ಸೋತ ಹಾಗೆ.

ನಾನೋ ದಪ್ಪ ದಪ್ಪ ಪುಸ್ತಕ ಓದಿ ಬಂದವನು. ಹೆಡ್ ಕ್ಲರ್ಕ್ ಯಾರು ಏನೇ ಆಡಲಿ, ಒಂದೇ ಥರ ಶುರು ಮಾಡುವವರು. ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ, ಆ ಸಂದಿಯಲ್ಲಿ ಒಂಟೆಯನ್ನು ಕೂರಿಸಿ, ಕುದುರೆಯನ್ನು ಹೊರಗೆ ತೆಗೆದು, ರಾಜನನ್ನು ಮೂಲೆಗೆ ಸೇರಿಸಿಬಿಡುವುದು. ಇಷ್ಟನ್ನು ಅವರು ಪಕ್ಕದ ಮೇಜಿನವರ ಜೊತೆ ಅಕ್ಕಿಯ ರೇಟು ಮಾತಾಡುತ್ತಲೇ ಮುಗಿಸುತ್ತಿದ್ದರು.

ಮೊದಲ ದಿನ ಅವರೆದುರು ನಾನು, ಇದಕ್ಕೆ ಪುಸ್ತಕದಲ್ಲಿ ಉತ್ತರ ಏನಿತ್ತು ಎಂದು ನೆನಪು ಮಾಡಿಕೊಳ್ಳುತ್ತಾ ಕೂತೆ. ಉತ್ತರ ನೆನಪಾಯಿತು. ತಗಡೂ ಬಿತ್ತು.

ಹೆಡ್ ಕ್ಲರ್ಕ್ ನನ್ನ ಕಡೆಯ ಕಾಯಿಗಳನ್ನು ಮೆಚ್ಚುಗೆಯಿಂದ ನೋಡಿದರು. "ಒಂದೂ ಹೋಗಿಲ್ಲ ಸಾರ್. ಅಂಗಡಿಗೆ ವಾಪಸ್ ಕೊಟ್ರೆ ಹೊಸದು ಅಂತ್ಲೇ ತೊಗೋತಾರೆ."

ಮಂತ್ರಿಯ ಬಲಿ

ಎಮರ್ಜೆನ್ಸಿ ಕಾಲ. ಅಡ್ಯಾರಿನಿಂದ ಬಸ್ಸಿನಲ್ಲಿ ಆಫೀಸಿಗೆ ಹೋಗುತ್ತಾ ಒಂದು ಭಾರಿ ಆರಂಭವನ್ನು ಉರು ಹೊಡೆಯುತ್ತಿದ್ದೆ. ಮಂತ್ರಿಯನ್ನೇ ಬಿಟ್ಟುಕೊಟ್ಟು ರಾಜನನ್ನು ಕಟ್ಟಿಹಾಕುವ ದಾರಿ ಅದು. ಬಾಯಿಪಾಠ ನನಗೆ ಗೊತ್ತಿಲ್ಲದೆ ಜೋರಾಗಿಬಿಟ್ಟಿತ್ತು.

"ಮೊದಲು ಮಂತ್ರಿಯ ಬಲಿ. ಆಮೇಲೆ ಕುದುರೆ ನುಗ್ಗತ್ತೆ. ರಾಜ ಎಲ್ಲಿ ಓಡ್ತಾನೆ?"

ಮಂತ್ರಿ, ಬಲಿ, ರಾಜ ಎಲ್ಲ ತಮಿಳಿನಲ್ಲೂ ಹೆಚ್ಚುಕಡಿಮೆ ಹಾಗೇ. ಸುತ್ತಲೂ ನೋಡಿದರೆ ಬಸ್ಸೇ ಗಪ್‌ಚಿಪ್. ಪಕ್ಕದಲ್ಲಿ ಕೂತಿದ್ದ ಹಿರಿಯರು ನನ್ನ ಕಿವಿಯ ಹತ್ತಿರ ಬಗ್ಗಿ ಶುದ್ಧ ಮೈಸೂರು ಕನ್ನಡದಲ್ಲಿ ಅಂದರು: "ಸ್ವಾಮೀ, ನೀವು ಏನಾದರೂ ಮಾಡಿಕೊಳ್ಳಿ. ಆದರೆ ನಾನು ಇಳಿದ ಮೇಲೆ ಮಾಡಿ."

ಅವರು ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟರು. ನಾನೂ ಹೆದರಿ ಅದರ ಮುಂದಿನದರಲ್ಲಿ ಇಳಿದು, ಬಿಸಿಲಲ್ಲಿ ನಡೆದು ಆಫೀಸು ಮುಟ್ಟಿದೆ. ಮಧ್ಯಾಹ್ನ ಮಂತ್ರಿಯನ್ನು ಬಲಿ ಕೊಟ್ಟೆ. ಹೆಡ್ ಕ್ಲರ್ಕ್ ಅದನ್ನು ತೆಗೆದು ಪಕ್ಕಕ್ಕಿಟ್ಟು, "ಥ್ಯಾಂಕ್ಸ್ ಸಾರ್" ಎಂದರು.

ಕಂಬಿ ಹಿಡಿ, ಹತ್ತು

ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟೆ. "ದಿನಾ ಅದೇ ನಾಲ್ಕು ನಡೆ ಆಡ್ತೀರಲ್ಲ ಸಾರ್, ನಿಮಗೆ ಬೇಜಾರಾಗಲ್ವಾ?"

"ಸಾಯಂಕಾಲ ಪುರಸೈವಾಕ್ಕಂ ಬಸ್ ಬರತ್ತಲ್ಲ, ಯಾವ ಕಾಲು ಮೊದಲು ಇಡೋದು ಅಂತ ಯೋಚನೆ ಮಾಡ್ತೀನಾ? ಮಾಡಿದ್ರೆ ಬಸ್ ಪೋಯಿಂದೆ! ಕಂಬಿ ಹಿಡಿ, ಹತ್ತು. ಒಳಗೆ ಹೋದ್ಮೇಲೆ ಎಲ್ಲಿ ನಿಲ್ಲೋದು ಅಂತ ನಿಧಾನವಾಗಿ ನೋಡೋಣ. ಟೈಮ್ ಇರೋ ಆಟಕ್ಕೆ ನಿಮ್ಮ ಪುಸ್ತಕ ಸರಿ ಸಾರ್. ಐದು ನಿಮಿಷಕ್ಕೆ ಗೊತ್ತಿರೋ ದಾರೀನೇ ಸಾಕು. ಯೋಚನೆ ಎಲ್ಲ ಕೊನೇಗೆ ಇಟ್ಕೋಬೇಕು."

ಎಷ್ಟು ಸರಳ! ಈ ಮಾತನ್ನೇ ಮೆಲುಕು ಹಾಕುತ್ತಾ ಸಂಜೆ ಬಸ್ ಸ್ಟಾಪಿಗೆ ಬಂದೆ. ಬಸ್ ಬಂತು. ಇಷ್ಟು ವರ್ಷ ನಾನು ನಿಜವಾಗಿ ಯಾವ ಕಾಲು ಮೊದಲು ಇಡುತ್ತಿದ್ದೆ ಎಂದು ಯೋಚಿಸಿದೆ. ಬಸ್ ಹೋಯಿತು.

ಎಣ್ಣೂರಿನ ಕತ್ತಲು

ಎಣ್ಣೂರಿನ ಒಂದು ಕ್ಲಬ್ಬಿಗೆ ಪಂದ್ಯಕ್ಕೆ ಹೋಗಿದ್ದೆವು. ನನ್ನ ಎದುರು ಕೂತವರು ಎಲೆಕ್ಟ್ರಿಕಲ್ ಇಂಜಿನಿಯರು. ಆಟ ಶುರುವಾಗುತ್ತಿದ್ದ ಹಾಗೆ ಕ್ಲಬ್ಬಿನ ಫ್ಯೂಸ್ ಹೋಗಿ ಕತ್ತಲಾಯಿತು. ಗಡಿಯಾರ ಕೀಲಿ ಕೊಟ್ಟದ್ದು, ಅದು ಟಿಕ್ ಟಿಕ್ ಎನ್ನುತ್ತಲೇ ಇತ್ತು. ಇಂಜಿನಿಯರು ತಮ್ಮ ಮಾಮೂಲಿ ಮೊದಲ ನಡೆಯನ್ನು ತಡವರಿಸದೆ ನಡೆಸಿ ಗುಂಡಿ ಒತ್ತಿದರು.

"ಸಾರ್, ಏನೂ ಕಾಣಿಸ್ತಿಲ್ಲ! ಫ್ಯೂಸ್ ಹಾಕಬಾರದಾ?" ಎಂದು ಕೂಗಿದೆ.

ಕತ್ತಲೊಳಗಿಂದ ಉತ್ತರ ಬಂತು: "ಹಾಕ್ತೀನಿ. ನಿಮ್ಮ ತಗಡು ಬೀಳಲಿ."

ಫೈನಲ್

ಹೆಡ್ ಕ್ಲರ್ಕ್ ರಿಟೈರಾಗುವ ವಾರ. ಆಫೀಸ್ ಪಂದ್ಯಾವಳಿಯ ಫೈನಲ್ಲಿಗೆ ಅವರು ಬಂದಿದ್ದರು, ಇಬ್ಬರು ಗೈರುಹಾಜರಾದ್ದರಿಂದ ನಾನೂ ಬಂದಿದ್ದೆ. ಈ ಮನುಷ್ಯನನ್ನು ಒಮ್ಮೆಯಾದರೂ ಸೋಲಿಸಬೇಕೆಂದರೆ ಇನ್ನು ಇದೊಂದೇ ಆಟ. ಹಿಂದಿನ ಸಂಜೆ ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಿದೆ. ಅವರದೇ ಆರಂಭವನ್ನು ಅವರ ಮೇಲೇ ಆಡುವುದೆಂದು ನಿರ್ಧರಿಸಿದೆ. ಮನೆಯಿಂದ ಹೊರಡುವಾಗ ಮಗಳು ತಮಿಳಿನಲ್ಲೇ "ಜೈಚ್ಚುಟ್ಟು ವಾಂಗೊ ಅಪ್ಪಾ" ಎಂದು ಹಾರೈಸಿದಳು. ಹೆಂಡತಿ, "ಗೆದ್ದು ಬನ್ನಿ ಅಂತ ಕನ್ನಡದಲ್ಲೂ ಒಂದ್ಸಲ ಹೇಳೇ, ಯಾವ ದೇವರಿಗಾದರೂ ಕೇಳಿಸಲಿ" ಎಂದಳು.

ಇಡೀ ಆಫೀಸು ಸುತ್ತ ನಿಂತಿತ್ತು. ಕಾಲಾಳು, ಒಂಟೆ, ಕುದುರೆ, ರಾಜ ಮೂಲೆಗೆ. ಒಂದು ಕ್ಷಣವೂ ಯೋಚಿಸದೆ ಆಡಿದೆ. ಹೆಡ್ ಕ್ಲರ್ಕಿಗಿಂತ ವೇಗವಾಗಿ ಆಡಿದೆ!

ರಾಜನನ್ನು ಮೂಲೆಗೆ ಸೇರಿಸಿ ಎರಡೂ ಕೈ ಕಟ್ಟಿಕೊಂಡು ಒರಗಿ ಕೂತೆ. ಹೆಡ್ ಕ್ಲರ್ಕ್ ಹಲಗೆ ನೋಡಿದರು. ನನ್ನ ಮುಖ ನೋಡಿದರು. ಗಲ್ಲಕ್ಕೆ ಕೈ ಕೊಟ್ಟರು. ಇಷ್ಟು ವರ್ಷದಲ್ಲಿ ಅವರು ಆಟದ ಆರಂಭದಲ್ಲೇ ಯೋಚಿಸುತ್ತಾ ಕೂತದ್ದನ್ನು ನಾನು ಕಂಡೇ ಇರಲಿಲ್ಲ. ಹಣೆ ಉಜ್ಜಿಕೊಂಡರು, ನಿಟ್ಟುಸಿರು ಬಿಟ್ಟರು. ನನ್ನ ಎದೆ ಉಬ್ಬಿತು. ಕಾಫಿ ತರಿಸಿ ನಿಧಾನವಾಗಿ ಕುಡಿದೆ. ಸುತ್ತ ನಿಂತವರು ಯಾರೂ ಉಸಿರೆತ್ತಲಿಲ್ಲ. ಅದೂ ನನ್ನ ಆಟದ ಮೇಲಿನ ಗೌರವ ಎಂದುಕೊಂಡೆ.

ಟಪ್ ಎಂದು ತಗಡು ಬಿತ್ತು. ನನ್ನದು. ರಾಜನನ್ನು ಮೂಲೆಗೆ ಸೇರಿಸಿದ ಸಂಭ್ರಮದಲ್ಲಿ ನಾನು ಗುಂಡಿ ಒತ್ತುವುದನ್ನೇ ಮರೆತಿದ್ದೆ.

"ಮತ್ತೆ ನೀವು ಅಷ್ಟು ಹೊತ್ತು ಯೋಚನೆ ಮಾಡ್ತಾ ಇದ್ರಲ್ಲ ಸಾರ್!" ಎಂದೆ. ಅಳುವುದೊಂದು ಬಾಕಿ.

"ಹೌದು ಸಾರ್," ಎಂದು ಅವರು ನನ್ನ ಕೈ ಕುಲುಕಿದರು. "ಹೇಳೋದಾ ಬೇಡ್ವಾ ಅಂತ ಯೋಚನೆ ಮಾಡ್ತಾ ಇದ್ದೆ."