ರೆಡ್ ಅಲರ್ಟಿಗೆ ಬಗ್ಗದವರು

ನಾನು ಪಂಚಾಯಿತಿ ಮೆಂಬರ್. ಮಳೆಗಾಲ ಬಂತೆಂದರೆ ಮೇಲಿನವರು ಕಳಿಸಿದ ಮುನ್ನೆಚ್ಚರಿಕೆಯನ್ನು ಬಾಳೂರು ಸುತ್ತಿನ ಮನೆಮನೆಗೆ ಹೇಳುವುದು ನನ್ನ ಪಾಲಿನ ಕೆಲಸ. ನಾನು ಹೆದರಿಸುತ್ತೇನೆ, ಜನ ನಗುತ್ತಾರೆ. ಪ್ರತಿ ವರ್ಷ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ಈ ಸಲ ಮಾತ್ರ ನಾನು ಹಠ ಹಿಡಿದಿದ್ದೆ. ಕಣಿವೆಯ ಆಚೆಗೊಂದು, ಈಚೆಗೊಂದು ಎಸ್ಟೇಟ್ ಮನೆ. ಎರಡರ ಹಿಂದೆಯೂ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಬಿರುಕು ಬಿಟ್ಟಿತ್ತು. ಆ ಮನೆಯವರನ್ನು ಕೆಳಗಿನ ಶಾಲೆಗೆ ಇಳಿಸದೆ ಬಿಡುವುದಿಲ್ಲ ಎಂದುಕೊಂಡೆ.

ತುರ್ತು ಚೀಲ

ಮೊದಲು ತರಬೇತಿಗೆ ಒಬ್ಬ ಅಧಿಕಾರಿ ಬಂದರು. ಪ್ರತಿ ಮನೆಯಲ್ಲೂ ಟಾರ್ಚು, ಒಣ ಆಹಾರ ತುಂಬಿದ ಚೀಲ ಸಿದ್ಧವಿರಬೇಕು ಎಂದರು. ಕೇಳುತ್ತಿದ್ದ ಹೆಂಗಸರೆಲ್ಲ ಹಲಸಿನ ಹಪ್ಪಳ, ಉಪ್ಪಿನಕಾಯಿ, ಒಣ ಸೌದೆಯನ್ನು ಬೇಸಿಗೆಯಲ್ಲೇ ಅಟ್ಟಕ್ಕೇರಿಸಿದವರು. ಸುಮ್ಮನೆ ತಲೆಯಾಡಿಸಿದರು. ಅಷ್ಟರಲ್ಲಿ ರಸ್ತೆಗೆ ಮರ ಬಿದ್ದು ಅಧಿಕಾರಿ ನಮ್ಮನೆಯಲ್ಲೇ ಉಳಿಯಬೇಕಾಯಿತು. ಅವರ ಹತ್ತಿರ ಟಾರ್ಚೂ ಇರಲಿಲ್ಲ. ಹಪ್ಪಳ ಮಾತ್ರ ಬಹಳ ಹಿಡಿಸಿತು.

ಮರ ತೆಗೆದು ರಸ್ತೆ ತೆರವಾದ ಮೇಲೆ ಹೊರಟು ನಿಂತು, ವರದಿಗೆ ನಿಮ್ಮ ತುರ್ತು ಆಹಾರದ ಫೋಟೊ ಬೇಕಿತ್ತು ಎಂದರು. ನಮ್ಮತ್ತೆ ಖಾಲಿ ಡಬ್ಬ ತೋರಿಸಿ, "ನಿಮ್ದೇ ಒಂದು ಫೋಟೊ ತಕ್ಕೊಳ್ಳಿ ಸಾರ್, ಎಲ್ಲ ಒಳಗೇ ಇದೆಯಲ್ಲ" ಅಂದರು.

ಎಚ್ಚರಿಕೆಯ ಗುಡ್ಡ

ಇನ್ನು ಮೊಬೈಲಿಗೆ ಬರುವ ಎಚ್ಚರಿಕೆ. ಗಾಳಿ ಬೀಸಿದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ನಮ್ಮ ಟವರಿಲ್ಲ. ಕಳಸ ಪೇಟೆ ಕಡೆಯ ಸಿಗ್ನಲ್ ಹಿಡಿಯಲು ಬೋಳುಗುಡ್ಡದ ನೆತ್ತಿಗೇ ಹೋಗಬೇಕು. ಪಂಚಾಯಿತಿಯವರು ಕೊಟ್ಟ ಜೀಪಿನ ಡ್ರೈವರನ್ನು ಜೊತೆಗೆ ಕರೆದುಕೊಂಡು, ಕೊಡೆ ಮುರಿದುಕೊಂಡು ಹತ್ತಿದೆ. ನೆತ್ತಿ ಮುಟ್ಟಿದ್ದೇ ಫೋನು ಕಿರುಚಿತು. ರೆಡ್ ಅಲರ್ಟ್, ಭಾರಿ ಮಳೆ, ಬಿರುಗಾಳಿ ಇದೆ, ಮನೆಯಿಂದ ಹೊರಬರಬೇಡಿ, ಎತ್ತರದ ಜಾಗದಲ್ಲಿ ನಿಲ್ಲಬೇಡಿ ಎಂದಿತ್ತು.

"ಇದನ್ನ ಓದೋಕೆ ಇಲ್ಲೀವರೆಗೆ ಬರಬೇಕಿತ್ತಾ ಮೆಂಬರಮ್ಮ?" ಅಂದ ಡ್ರೈವರ್.

"ಬರದಿದ್ರೆ ಬರಬಾರದು ಅಂತ ಗೊತ್ತಾಗ್ತಿರಲಿಲ್ಲವಲ್ಲ ಮಾರಾಯ" ಅಂದೆ.

ಇಂಚಿನ ಪೈಪೋಟಿ

ಗುಡ್ಡ ಇಳಿದವಳೇ ಈಚೆಯ ಎಸ್ಟೇಟಿಗೆ ಜೀಪು ತಿರುಗಿಸಿದೆ. ಧರೆಯಿಂದ ಕೆಸರುನೀರು ಒಸರುತ್ತಿತ್ತು. ನನಗೆ ನಿಜಕ್ಕೂ ಭಯವಾಯಿತು. ರೆಡ್ ಅಲರ್ಟ್ ಎಂದೆ, ಕೈಮುಗಿದೆ. ಸಾಹುಕಾರರು ಜಗ್ಗಲಿಲ್ಲ.

ಅವರ ಚಿಂತೆಯೇ ಬೇರೆ. ನಮ್ಮ ಕಡೆ ಪ್ಲಾಂಟರುಗಳ ಅಂಗಳದಲ್ಲೆಲ್ಲ ಮಳೆನೀರು ಹಿಡಿದು ಅಳೆಯುವ ಒಂದೊಂದು ರೈನ್‌ಗೇಜ್ ಇರುತ್ತದೆ. ಬೆಳಗಾದರೆ ಎಷ್ಟು ಇಂಚು ಮಳೆಯಾಯಿತೆಂದು ಹೇಳಿಕೊಳ್ಳುವುದೇ ಒಂದು ದೊಡ್ಡಸ್ತಿಕೆ. ಈಚೆಯವರಿಗೂ ಆಚೆಯವರಿಗೂ ಇದರಲ್ಲಿ ಹಳೇ ಪೈಪೋಟಿ.

"ನಾನು ಇಳಿದು ಬಂದ್ರೆ ಇಲ್ಲಿ ಮಳೆ ಅಳೆಯೋರು ಯಾರು? ಆಚೆಯೋನು ಗೆದ್ದುಬಿಡ್ತಾನೆ" ಅಂದರು.

ಸರ್ಕಾರದ ಉಪದೇಶವನ್ನು ಅಲ್ಲಿಗೇ ಬಿಟ್ಟೆ. ಆಚೆಯವರು ಆಗಲೇ ಶಾಲೆಗೆ ಬಂದಿದ್ದಾರೆ, ಅಂಗಳದಲ್ಲಿ ಗೇಜ್ ಇಟ್ಟಿದ್ದಾರೆ, ಅಲ್ಲಿ ಇಲ್ಲಿಗಿಂತ ಜಾಸ್ತಿ ಮಳೆಯಂತೆ ಎಂದೆ. ಶುದ್ಧ ಸುಳ್ಳು. ಸಾಹುಕಾರರು ಗೇಜನ್ನು ತೊಡೆಯ ಮೇಲಿಟ್ಟುಕೊಂಡು, ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಜೀಪಿನಲ್ಲಿ ಕೂತರು. ಅವರನ್ನು ಶಾಲೆಗೆ ಬಿಟ್ಟು ಆಚೆಯ ಎಸ್ಟೇಟಿಗೆ ಹೋಗಿ ಅದೇ ಮಾತು ಹೇಳಿದೆ. ಅಷ್ಟು ಹೊತ್ತಿಗೆ ಅದು ನಿಜವೇ ಆಗಿತ್ತು. ಅವರೂ ಮನೆಯವರೊಂದಿಗೆ, ಗೇಜಿನೊಂದಿಗೆ ಬಂದರು.

ಬೆಳಗಾಗುವಷ್ಟರಲ್ಲಿ ಧರೆ ಜಾರಿ ಈಚೆಯವರ ಅಡುಗೆಮನೆ ಮಣ್ಣಿನಡಿ ಹೋಗಿತ್ತು. ಒಳಗೆ ಒಬ್ಬರೂ ಇರಲಿಲ್ಲ. ಸುದ್ದಿ ಮೊದಲು ಬಂದದ್ದು ನನಗೆ. ಹೇಗೆ ಹೇಳಲಿ ಎಂದುಕೊಳ್ಳುತ್ತಲೇ ಈಚೆಯ ಸಾಹುಕಾರರನ್ನು ಹುಡುಕಿಕೊಂಡು ಶಾಲೆಯ ಹಿಂಬದಿಗೆ ಹೋದೆ. ಅವರು ಅತ್ತಿತ್ತ ನೋಡುತ್ತಾ, ತಮ್ಮ ಗೇಜನ್ನು ಮೆಲ್ಲಗೆ ಸೂರಿನ ನೀರು ಸುರಿಯುವ ಕಡೆಗೆ ಸರಿಸುತ್ತಿದ್ದರು.

ಆಚೆಯವರದ್ದು ಆಗಲೇ ಅಲ್ಲಿತ್ತು.