ಹಣ್ಣುನೊಣದ ಸನ್ನಿಧಿಗೆ, ಮೂಗು ಕೈಕೊಟ್ಟವಳ ದೂರು

ಮಾನ್ಯ ಹಣ್ಣುನೊಣ ಮಹಾಶಯರೇ,

ಕೊಳೆತ ಬಾಳೆಹಣ್ಣಿನ ಒಡೆಯರೂ, ಎಳ್ಳಿಗಿಂತ ತುಸುವೇ ದೊಡ್ಡ ದೇಹದಲ್ಲಿ ಮಹಾ ಘ್ರಾಣಶಕ್ತಿಯನ್ನು ಹೊತ್ತು ಹಾರುವವರೂ ಆದ ತಮಗೆ, ಹನ್ನೊಂದು ವರ್ಷಗಳಿಂದ ತಮ್ಮ ಕುಲದ ತಲೆ ತಿಂದೇ ಅನ್ನ ತಿನ್ನುತ್ತಿರುವ ಸಂಶೋಧಕಿಯೊಬ್ಬಳ ನಮಸ್ಕಾರಗಳು. ತಮ್ಮ ನಲವತ್ತೆರಡು ಮಂದಿ ಬಂಧುಗಳಿಂದ ನನಗೆ ತುಂಬಿದ ಸಭೆಯಲ್ಲಿ ಆದ ಮುಖಭಂಗವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ತಮ್ಮ ತಲೆಯೊಳಗಿನ ಕಾರುಬಾರು ನನಗೆ ತಿಳಿಯದ್ದಲ್ಲ. ವಿನೆಗರಿನ ವಾಸನೆ ಮೀಸೆಗೆ ತಾಗಿದೊಡನೆ ಅಲ್ಲಿನ ನರಕೋಶ ಮಿಡಿದು, ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಚಿಮ್ಮಿಸಿ, ಮಿದುಳಿನಲ್ಲಿ ಕಾದು ಕೂತ ಮುಂದಿನ ಕೋಶಕ್ಕೆ 'ಹಣ್ಣು ಬಂತು, ಏಳು' ಎಂದು ಸುದ್ದಿ ಮುಟ್ಟಿಸುತ್ತದೆ. ಗಲಾಟೆ ಹೆಚ್ಚಾದರೆ ನೆರೆಯ ಕೋಶಗಳು ಗಾಬಾ ಎಂಬ ಇನ್ನೊಂದನ್ನು ಸುರಿಸಿ 'ಸಾಕು, ಸುಮ್ನಿರು' ಎಂದು ಗದರುತ್ತವೆ. ಇದನ್ನು ನಾನು ಎಷ್ಟು ಸಲ ಪಾಠ ಮಾಡಿದ್ದೇನೆಂದರೆ, ಕೊನೆಯ ಬೆಂಚಿನವರಿಗೂ ಬಾಯಿಪಾಠವಾಗಿ ಅವರು ಬರುವುದನ್ನೇ ನಿಲ್ಲಿಸಿದ್ದಾರೆ.

ಹೀಗಿರಲು, ಕಳೆದ ಮೂರು ವಾರಗಳಲ್ಲಿ ತಮ್ಮ ಬಂಧುಗಳನ್ನು ಒಬ್ಬೊಬ್ಬರನ್ನಾಗಿ ಮೇಣದಲ್ಲಿ ಕೂರಿಸಿ, ಕೋಶದ ಮಿಡಿತ ಅಳೆಯುವ, ಕೂದಲಿಗಿಂತ ಸಣ್ಣ ಗಾಜಿನ ಸೂಜಿಯನ್ನು ಅವರ ಮಿದುಳಿಗೆ ತಾಗಿಸಿ, ಬಾಟಲಿಯಿಂದ ವಿನೆಗರಿನ ಗಾಳಿ ಊದಿದೆ. ಯಾರೂ ಮಿಸುಕಲಿಲ್ಲ. ಓದದವರಾಗಿದ್ದರೆ ಬಾಟಲಿಯನ್ನು ಅನುಮಾನಿಸುತ್ತಿದ್ದರು. ನಾನು ವಿದ್ಯಾವಂತೆ, ಆದ್ದರಿಂದ ತಮ್ಮ ಮಿದುಳನ್ನು ಅನುಮಾನಿಸಿದೆ. ಇದು ಗಾಬಾದ ಗದರಿಕೆಯಿರಬೇಕೆಂದು ಅದನ್ನು ತಡೆಯುವ ಔಷಧಿ ಹಾಕಿದೆ. ಆಗಲೂ ಮೌನ. ಅಲ್ಲಿಗೆ, ಜಗತ್ತಿಗೆ ಗೊತ್ತಿಲ್ಲದ ಮೂರನೆಯದೊಂದು ರಾಸಾಯನಿಕ ತಮ್ಮ ಬಾಯಿ ಮುಚ್ಚಿಸುತ್ತಿದೆ ಎಂದು ತೀರ್ಮಾನಿಸಿ, ಅದಕ್ಕೆ ಯಾವ ಹೆಸರಿಟ್ಟರೆ ಚೆಂದ ಎಂದು ಬಸ್ಸಿನಲ್ಲಿ ಯೋಚಿಸುತ್ತಾ ಎರಡು ನಿಲ್ದಾಣ ಮುಂದೆ ಹೋಗಿ ಇಳಿದೆ.

ಸೋಮವಾರದ ಸಭೆಯಲ್ಲಿ ಈ ಶೋಧವನ್ನು ಸಾರಿದಾಗ ನಮ್ಮ ಪ್ರೊಫೆಸರು ಕುರ್ಚಿಯಿಂದ ಅರ್ಧ ಎದ್ದರು. ಅದೇ ಹೊತ್ತಿಗೆ ಗಾಜಿನ ಸಾಮಾನು ತೊಳೆಯುವ, ನಾವೆಲ್ಲ ಬಾಟಲಕ್ಕ ಎನ್ನುವ ಹೆಂಗಸು ಒಳಬಂದು, ನಾನು ಪ್ರದರ್ಶನಕ್ಕಿಟ್ಟಿದ್ದ ಬಾಟಲಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದು, "ಮೇಡಂ, ಇದು ಬರೀ ನೀರು. ಮೂಸಿ ನೋಡ್ಲಿಲ್ವಾ?" ಎಂದರು.

ಲೇಬಲ್ ಕಿತ್ತುಹೋದ ಎರಡು ಕ್ಯಾನುಗಳಲ್ಲಿ ತಪ್ಪು ಕ್ಯಾನಿನಿಂದ ತುಂಬಿಸಿಕೊಂಡಿದ್ದವಳು ನಾನೇ. ಎಲ್ಲರೂ ನಕ್ಕರು, ನಾನೂ ನಕ್ಕೆ. ಏಳು ತಿಂಗಳ ಹಿಂದಿನ ಜ್ವರದಿಂದೀಚೆಗೆ ನನಗೆ ಯಾವ ವಾಸನೆಯೂ ಬರುವುದಿಲ್ಲವೆಂದು ಅಲ್ಲೇ ಒಪ್ಪಿಕೊಂಡೆ. ಈಜು ಕಲಿಸುವವಳು ನೀರಿಗೆ ಹೆದರುತ್ತೇನೆಂದು ಹೇಗೆ ಹೇಳಿಯಾಳು? ನಗು ನಿಂತಿತು. ಬಾಟಲಕ್ಕ ಮಾತ್ರ, "ಅಷ್ಟೇನಾ? ಇನ್ಮೇಲೆ ನನ್ನ ಕರೀರಿ, ನಾನು ಮೂಸಿಕೊಡ್ತೀನಿ" ಎಂದು ಬಕೆಟ್ ಎತ್ತಿಕೊಂಡು ಹೊರಟರು.

ಸಂಜೆ ಮನೆಗೆ ಹೋಗಿ ಗಂಡನಿಗೂ ಹೇಳಿದೆ. ಅವರು ಬಟಾಣಿ ಸುಲಿಯುವುದನ್ನು ನಿಲ್ಲಿಸದೆ, "ಗೊತ್ತು ಕಣೇ. ಅವತ್ತು ಹಳಸಿದ ಸೂಪನ್ನ ಮುಂದಿಟ್ರೆ 'ಏನ್ ಘಮ' ಅಂದ್ಯಲ್ಲ, ಆಗ್ಲೇ ಗೊತ್ತಾಯ್ತು. ನೀನೇ ಹೇಳ್ಲಿ ಅಂತ ಸುಮ್ನಿದ್ದೆ" ಎಂದರು. ಐದು ತಿಂಗಳಿಂದ ಅವರು ದಿನಾ ಬೆಳಿಗ್ಗೆ ನನಗಿಂತ ಮೊದಲೆದ್ದು ಅಡುಗೆಮನೆಗೆ ಹೋಗುತ್ತಿದ್ದುದು ಬಾಯಾರಿಕೆಯಿಂದಲ್ಲ, ಗ್ಯಾಸ್ ಸೋರುತ್ತಿದೆಯೇ ಎಂದು ಮೂಸಿ ನೋಡಲು ಎಂಬುದು ನನಗೆ ಹೊಳೆದದ್ದು ಆಗ. ನೊಣದ ಎರಡು ಕೋಶಗಳ ನಡುವಿನ ಪಿಸುಮಾತನ್ನು ಕೇಳಿಸಿಕೊಳ್ಳುವ ನನಗೆ, ಪಕ್ಕದಲ್ಲಿ ಮಲಗುವವರ ವಿಷಯದಲ್ಲಿ ಇಷ್ಟೂ ತಿಳಿದಿರಲಿಲ್ಲ. ಅವರ ಪಕ್ಕ ಕೂತು ಬಟಾಣಿ ಸುಲಿದೆ.

ಆದ್ದರಿಂದ ಮಹಾಶಯರೇ, ನೀರಿಗೆ ನೀರೆಂದೇ ಸಾಕ್ಷಿ ಹೇಳಿದ ತಮ್ಮವರ ಪ್ರಾಮಾಣಿಕತೆಯನ್ನು ಮೆಚ್ಚುತ್ತಲೇ ಬಿನ್ನವಿಸುತ್ತೇನೆ: ಮುಂದೆ ನಾನು ಇಂಥ ಪೆದ್ದುತನಕ್ಕೆ ಹೊರಟಾಗ ಒಬ್ಬರಾದರೂ ಮೇಣದಿಂದ ಎದ್ದು ಕೆಮ್ಮುವ ಕೃಪೆ ಮಾಡಬೇಕು. ವೈದ್ಯರು ವಾಸನೆ ಮರಳಲೂಬಹುದು ಎಂದಿದ್ದಾರೆ. ಅಲ್ಲಿಯವರೆಗೆ ತಮ್ಮ ಮೀಸೆಯ ನರಕೋಶ ಒಂದನ್ನು, ಅಸಿಟೈಲ್‌ಕೋಲಿನ್ ಸಮೇತ, ಎರವಲು ಕೊಡಿಸಿದರೆ ಜೋಪಾನವಾಗಿ ಹಿಂದಿರುಗಿಸುವೆ.

ತಮ್ಮ ವಿಶ್ವಾಸಕ್ಕೆ ಇನ್ನೂ ಪಾತ್ರಳಾಗಬೇಕಿರುವ,
ಹೆಸರಿಗಷ್ಟೇ ಮೂಗುಳ್ಳ ಸಂಶೋಧಕಿ

ವಿ.ಸೂ.: ಇದನ್ನು ಬರೆಯುತ್ತಿರುವಾಗಲೇ ತಮ್ಮ ವಂಶದವರೊಬ್ಬರು, ಪರಿಮಳದ ಜಾಡು ಹಿಡಿದು ಒಂದಿಷ್ಟೂ ದಾರಿ ತಪ್ಪದೆ, ನೇರವಾಗಿ ನನ್ನ ದ್ರಾಕ್ಷಿ ರಸದ ಲೋಟಕ್ಕೆ ಬಂದು ಮುಳುಗಿದ್ದಾರೆ. ಚಮಚದಿಂದ ಎತ್ತಿ ಕಿಟಕಿಯ ಮೇಲಿಟ್ಟಿದ್ದೇನೆ. ಸದ್ಯ ರೆಕ್ಕೆ ಒಣಗಿಸಿಕೊಳ್ಳುತ್ತಾ, ಮತ್ತೆ ಲೋಟದ ಕಡೆಗೇ ಮೀಸೆ ತಿರುಗಿಸುತ್ತಿದ್ದಾರೆ.